ಒಂಬತ್ತನೇ ತರಗತಿಗೆ ಗೊತ್ತಿಲ್ಲದ ವಾಸನೆ

1998ರ ಡಿಸೆಂಬರ್ 11, ಶುಕ್ರವಾರ, ಬೆಳಗ್ಗೆ 11.40. ದೊಮ್ಮಲೂರಿನ ಜ್ಞಾನಾಂಕುರ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ ಯಮುನಾ ಠಾಣೆಯೊಳಗೆ ಬಂದಾಗ ಅವರ ಸೀರೆಯಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ರೈಟರ್ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡೇ ದೂರು ಬರೆದುಕೊಂಡ.

ಅಂದು ಶಾಲೆಯಲ್ಲಿ ಒಂದು ಪರೀಕ್ಷೆ ಇತ್ತು. ಒಂಬತ್ತನೇ ತರಗತಿಯ ಮಕ್ಕಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಮೂಲ ತಿಳಿವಳಿಕೆ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ. ಪ್ರಶ್ನೆಪತ್ರಿಕೆ ಹೊರಗಿನದು, ಪರೀಕ್ಷಕರೂ ಹೊರಗಿನವರು. ಹತ್ತೂವರೆಗೆ ಪತ್ರಿಕೆ ಹಂಚಿ ಸ್ವಲ್ಪ ಹೊತ್ತಿಗೆ ಪಕ್ಕದ ಪ್ರಯೋಗಾಲಯದ ಕಡೆಯಿಂದ ಕೆಟ್ಟ ವಾಸನೆ ನುಗ್ಗಿತು. ಮಕ್ಕಳು ಹೊರಗೆ ಓಡಿದರು. ಮೊದಲೇ ಉಬ್ಬಸವಿದ್ದ ಹಂಸ ಎಂಬ ಹುಡುಗಿ ಬಾಗಿಲಲ್ಲೇ ಬಿದ್ದಳು. ಅವಳೀಗ ಆಸ್ಪತ್ರೆಯಲ್ಲಿ, ಆಮ್ಲಜನಕದ ಮೇಲೆ.

"ಯಾರ ಮೇಲಾದ್ರೂ ಅನುಮಾನ ಇದೆಯಾ?" ಇನ್ಸ್‌ಪೆಕ್ಟರ್ ಕೆಂಪರಾಜ್ ಕೇಳಿದರು.

"ಅನುಮಾನ ಏನ್ ಬಂತು ಸಾರ್, ಸಿಕ್ಕೇಬಿದ್ದಿದಾನೆ. ದೀಪು ಅಂತ, ಅದೇ ಕ್ಲಾಸು. ಲ್ಯಾಬ್ ಹಿಂದಿನ ಕಿಟಕಿ ಹತ್ರ ಜವಾನ ಹಿಡ್ಕೊಂಡ. ಹೋದ ವರ್ಷ ಬೆಂಚಿನ ಕೆಳಗೆ ಪಟಾಕಿ ಹಚ್ಚಿದ್ದೂ ಅವನೇ."

"ಪರೀಕ್ಷೆ ತಪ್ಪಿಸೋಕೆ ಅಂತೀರಾ?"

"ಇನ್ನೇನಕ್ಕೆ ಸಾರ್? ಓದಿಲ್ಲ, ಬರೆದಿಲ್ಲ."

ಭಾರತೀಯ ದಂಡ ಸಂಹಿತೆಯ 284 ಮತ್ತು 337ನೇ ಕಲಮುಗಳ ಅಡಿ, ವಿಷವಸ್ತುವಿನ ನಿರ್ಲಕ್ಷ್ಯದ ಬಳಕೆ ಮತ್ತು ಅದರಿಂದ ಆದ ಅಪಾಯ ಎಂದು, ಎಫ್‌ಐಆರ್ ದಾಖಲಾಯಿತು. ಮಹಿಳಾ ಕಾನ್‌ಸ್ಟೇಬಲ್ ಮಾನಮ್ಮ ಆಸ್ಪತ್ರೆಗೆ ಹೋಗಿ ಬಂದು, ಹುಡುಗಿಗೆ ಪ್ರಜ್ಞೆ ಬಂದಿದೆ, ರಾತ್ರಿ ಕಳೆಯುವವರೆಗೂ ಏನೂ ಹೇಳಲಾಗದು ಎಂದು ಡಾಕ್ಟರು ಹೇಳಿದ್ದಾರೆ ಎಂದರು.

ಕಿಟಕಿ ಬಾಗಿಲುಗಳನ್ನೆಲ್ಲ ತೆರೆಸಿ, ಗಾಳಿಯಾಡಿದ ಮೇಲೆ ಸ್ಥಳ ಪಂಚನಾಮೆ ಶುರುವಾಯಿತು. ಅದೇ ಬೀದಿಯ ಒಬ್ಬ ದರ್ಜಿ, ಒಬ್ಬ ಕಾಂಡಿಮೆಂಟ್ಸ್ ಅಂಗಡಿಯವರು ಪಂಚರು. ತರಗತಿಗೂ ಪ್ರಯೋಗಾಲಯಕ್ಕೂ ನಡುವೆ ಒಂದೇ ಗೋಡೆ, ಗೋಡೆಯ ಮೇಲ್ಭಾಗದಲ್ಲಿ ಗಾಳಿಗಿಂಡಿ. ಅದರ ಕೆಳಗಿನ ಮೇಜಿನ ಮೇಲೆ ಎನಾಮೆಲ್ ಬೇಸಿನ್, ಅದರಲ್ಲಿ ಕಪ್ಪು ಗಟ್ಟಿಗಳು, ಹಳದಿ ನೀರು. ಬೀಗ ಒಡೆದಿರಲಿಲ್ಲ. ಕೀಲಿ ಶಿಕ್ಷಕರ ಕೊಠಡಿಯ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗಾಡುತ್ತಿತ್ತು. ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು.

ಒಳಗೆಲ್ಲ ಧೂಳು. ಆದರೆ ಕಪಾಟುಗಳ ಮುಂಭಾಗದ ಅಂಚಿನಲ್ಲಿ ಮಾತ್ರ ಬೆರಳಗಲದ ಗೆರೆಯೊಂದು ಬಾಗಿಲಿನಿಂದ ಹೊರಟು, ಮೂಲೆಯಲ್ಲಿದ್ದ ಆಸಿಡ್ ಬಾಟ್ಲಿಯ ತನಕ ಧೂಳು ಒರೆಸಿಕೊಂಡು ಹೋಗಿತ್ತು. ಹುಡುಕುವವನು ನಾಲ್ಕು ಬಾಟ್ಲಿ ಎತ್ತಿ ನೋಡುತ್ತಾನೆ, ಎರಡು ಉರುಳಿಸುತ್ತಾನೆ. ಇಲ್ಲಿ ಬೇರೆ ಒಂದೂ ಅಲುಗಿರಲಿಲ್ಲ. ಕೆಂಪರಾಜ್‌ಗೆ ಅದರ ಅರ್ಥ ಹೊಳೆಯಲಿಲ್ಲ. ಆದರೂ ಪಂಚನಾಮೆಯಲ್ಲಿ ಬರೆಸಿದರು.

ವಿಜ್ಞಾನದ ಮೇಷ್ಟ್ರು ಸಂಜೀವಪ್ಪನವರನ್ನು ಒಳಗೆ ಕರೆದರು. ಹಲಸೂರಿನವರು, ಬರುವ ಮೇ ತಿಂಗಳಲ್ಲಿ ನಿವೃತ್ತಿ. ತಿಳಿ ನೀಲಿ ಶರಟು, ದಪ್ಪ ಕನ್ನಡಕ. ಅವರು ಬಾಗಿಲ ಬಳಿಯೇ ನಿಂತು ಉಸಿರೆಳೆದುಕೊಂಡರು.

"ಇದೇನು ಮೇಷ್ಟ್ರೇ?"

"ಫೆರಸ್ ಸಲ್ಫೈಡ್ ಮೇಲೆ ಹೈಡ್ರೋಕ್ಲೋರಿಕ್ ಆಸಿಡ್ ಬಿದ್ದಿದೆ. ಹೈಡ್ರೋಜನ್ ಸಲ್ಫೈಡ್ ಗ್ಯಾಸು ಸಾರ್."

"ಹುಡುಗರಿಗೆ ಇದು ಗೊತ್ತಿರುತ್ತಾ?"

"ಗೊತ್ತಿರ್ದೆ ಏನು? ನಾನೇ ಕಲಿಸಿದೀನಿ. ಇಲ್ಲೇ ಮಾಡಿ ತೋರಿಸಿದೀನಿ."

"ದೀಪು ಎಂಥ ಹುಡುಗ?"

ಸಂಜೀವಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. "ಅವನ ವಿಷಯ ನಾನೇನೂ ಹೇಳಲ್ಲ ಸಾರ್."

ದೀಪು ಮುಖ್ಯೋಪಾಧ್ಯಾಯಿನಿಯ ಕೊಠಡಿಯಲ್ಲಿ ಸ್ಟೂಲಿನ ಮೇಲೆ, ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಿದ್ದ. ತುಟಿ ಒಣಗಿತ್ತು. ಊಟದ ಡಬ್ಬಿ ಮುಚ್ಚಿದಂತೆಯೇ ಮಡಿಲಲ್ಲಿತ್ತು. ಮಾನಮ್ಮ ಕೊಟ್ಟ ನೀರನ್ನು ಒಂದೇ ಗುಕ್ಕಿಗೆ ಕುಡಿದ.

"ಕಿಟಕಿ ಹತ್ರ ಏನ್ ಮಾಡ್ತಿದ್ದೆ?" ಕೆಂಪರಾಜ್ ಕೇಳಿದರು.

"ಏನಿಲ್ಲ ಸಾರ್."

"ಎಲ್ರೂ ಗೇಟಿನ ಕಡೆ ಓಡಿದ್ರೆ ನೀನೊಬ್ಬ ಲ್ಯಾಬ್ ಕಡೆ ಓಡಿದ್ದೆ. ಯಾಕೆ?"

ದೀಪು ಬಾಗಿಲ ಕಡೆ ನೋಡಿದ.

"ಯಾರನ್ನಾದ್ರೂ ನೋಡಿದ್ಯಾ?"

"ಇಲ್ಲ ಸಾರ್." ಇದನ್ನು ಮಾತ್ರ ತಟ್ಟನೆ ಹೇಳಿದ.

"ಆಸಿಡ್ ಎಷ್ಟು ಹಾಕ್ದೆ?"

"ಆಸಿಡ್ ಅಂದ್ರೆ ಬ್ಯಾಟ್ರಿಗೆ ಹಾಕೋದಾ ಸಾರ್?"

ಕೆಂಪರಾಜ್ ಮೇಜು ಕುಟ್ಟಿದರು. ಹುಡುಗ ಬೆಚ್ಚಿದ.

ಅಷ್ಟರಲ್ಲಿ ಅವನ ತಾಯಿ ಮುನಿಲಕ್ಷ್ಮಮ್ಮ ಬಂದರು. ಜೀವನ್ ಬಿಮಾ ನಗರದ ಮರವೊಂದರ ಕೆಳಗೆ ಇಸ್ತ್ರಿ ಗಾಡಿ ಇಟ್ಟವರು, ಕೈಯ ಮಸಿ ತೊಳೆಯದೆ ಓಡಿ ಬಂದಿದ್ದರು. ಸೋಮವಾರ ಟಿ.ಸಿ. ಕೊಟ್ಟು ಕಳಿಸುವುದಾಗಿ ಯಮುನಾ ಹೇಳಿದರು.

"ವರ್ಷದ ನಡುವೆ ಟಿ.ಸಿ. ಕೊಟ್ರೆ ಯಾವ ಸ್ಕೂಲಲ್ಲಿ ಸೇರಿಸ್ಕೋತಾರಮ್ಮಾ? ಅದೂ ಪೊಲೀಸ್ ಕೇಸಿನ ಹುಡುಗ ಅಂತ. ನಮ್ಮನೇಲಿ ಎಸ್ಸೆಸ್ಸೆಲ್ಸಿ ಮೆಟ್ಟಿಲು ಹತ್ತೋನು ಇವನೊಬ್ಬನೇ." ಆಕೆ ಮಗನ ಕಡೆ ತಿರುಗಿದರು. "ಬಾಯಿ ಬಿಡೋ. ಮಾಡಿದ್ರೆ ಮಾಡ್ದೆ ಅನ್ನು, ಇಲ್ದಿದ್ರೆ ಇಲ್ಲ ಅನ್ನು."

"ಮಾಡಿಲ್ಲಮ್ಮ."

"ಮತ್ತೆ ಯಾರು?"

ದೀಪು ಡಬ್ಬಿಯ ಮುಚ್ಚಳ ನೋಡುತ್ತಾ ಕುಳಿತ.

ಸಂಜೆ ಜೀಪಿನಲ್ಲಿ ಮಾನಮ್ಮ ಹೇಳಿದರು, "ಸಾರ್, ಅವನಿಗೆ ನಿಜವಾಗ್ಲೂ ಗೊತ್ತಿಲ್ಲ ಅನ್ಸುತ್ತೆ."

"ನಾಟಕ ಮಾನಮ್ಮ."

"ನಮ್ಮನೇಲೂ ಅದೇ ವಯಸ್ಸಿಂದು ಒಂದಿದೆ ಸಾರ್. ಸುಳ್ಳು ಹೇಳೋವಾಗ ಬಲು ಬುದ್ಧಿವಂತನ ಥರ ಮಾತಾಡುತ್ತೆ. ಹಿಂಗೆ ದಡ್ಡನ ಥರ ಅಲ್ಲ."

ದೊಮ್ಮಲೂರು ಸಿಗ್ನಲ್ ದಾಟಿದ ಮೇಲೆ ಕೆಂಪರಾಜ್ ಹೇಳಿದರು, "ಆಯ್ತು. ಆ ಕ್ಲಾಸಿನವರೇನೂ ನಿನ್ನೆ ಮೊನ್ನೆ ಹುಟ್ಟಿದ ಮಕ್ಕಳಲ್ಲ. ಗ್ಯಾಸ್ ಮಾಡೋಕೆ ಯಾರಿಗೆ ಬರುತ್ತೆ ಅಂತ ಪರೀಕ್ಷೆ ಮಾಡೇಬಿಡೋಣ."

ಶನಿವಾರ ಬೆಳಗ್ಗೆ ಎಂಟೂವರೆಗೆ ಶಾಲೆಯಲ್ಲೇ ಒಂಬತ್ತನೇ ತರಗತಿಯವರನ್ನು ಒಬ್ಬೊಬ್ಬರಾಗಿ ಕರೆಯುವುದು ಶುರುವಾಯಿತು. ಹಿಂದಿನ ದಿನ ಹಾಗೇ ಉಳಿದಿದ್ದ ಪ್ರಶ್ನೆಪತ್ರಿಕೆಯನ್ನೇ ಕೆಂಪರಾಜ್ ಮುಂದಿಟ್ಟುಕೊಂಡರು. ಪ್ರಯೋಗಾಲಯದ ಕೆಲವು ಸಾಮಾನು ಮೇಜಿನ ಮೇಲಿದ್ದವು. ಮಕ್ಕಳೆಲ್ಲ ಮಾತಾಡಿಕೊಂಡು ಪೆದ್ದರಂತೆ ನಟಿಸಬಹುದು ಎಂಬ ಅನುಮಾನ ಅವರಿಗಿತ್ತು. ಅದಕ್ಕೇ ಮಾನಮ್ಮ ಬಾಗಿಲಲ್ಲಿ ನಿಂತು, ಸರಿಯಾಗಿ ಉತ್ತರ ಹೇಳಿದವರು ಮೊದಲು ಮನೆಗೆ ಹೋಗಬಹುದು ಎಂದು ಸಾರಿದರು. ಸಾಲಿನಲ್ಲಿ ನೂಕಾಟವೇ ಆಯಿತು.

ಎರಡು ಜಡೆಯ ಹುಡುಗಿಯೊಬ್ಬಳು ಮೊದಲು ಬಂದಳು.

"ಆಮ್ಲ ಅಂದ್ರೇನಮ್ಮ?"

"ಆಮ್ಲಗಳು ರುಚಿಯಲ್ಲಿ ಹುಳಿಯಾಗಿರುತ್ತವೆ, ನೀಲಿ ಲಿಟ್ಮಸ್ಸನ್ನು ಕೆಂಪು ಬಣ್ಣಕ್ಕೆ ತಿರುಗಿಸುತ್ತವೆ." ಒಂದೇ ಉಸಿರು.

ಕೆಂಪರಾಜ್ ಲಿಟ್ಮಸ್ ಕಾಗದದ ಸಣ್ಣ ಕಟ್ಟನ್ನು ಅವಳ ಮುಂದೆ ಸರಿಸಿದರು. "ಇದೇನು?"

ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಬಸ್ ಟಿಕೆಟ್ಟಾ ಸಾರ್?"

ಮುಂದಿನವನಿಗೆ ಅವರು ಕೇಳಿದರು, "ಕೊಳೆತ ಮೊಟ್ಟೆ ವಾಸನೆ ಇರೋ ಗ್ಯಾಸು ಯಾವುದು?"

"ಗೋಬರ್ ಗ್ಯಾಸ್ ಸಾರ್."

"ಅದು ಹೆಂಗಾಗುತ್ತೆ?"

"ಹಸು ಬೇಕು ಸಾರ್."

ಒಬ್ಬನಿಗೆ ಬಲ್ಬು, ಸೆಲ್, ಎರಡು ವೈರು ಕೊಟ್ಟು ಬಲ್ಬು ಹೊತ್ತಿಸಲು ಹೇಳಿದರು. ಅವನು ಬಲ್ಬನ್ನು ಕಿವಿಯ ಬಳಿ ಅಲ್ಲಾಡಿಸಿ, ಫ್ಯೂಸ್ ಹೋಗಿದೆ ಸಾರ್ ಎಂದು ಮೇಜಿನ ಮೇಲಿಟ್ಟ. ಸೂಕ್ಷ್ಮದರ್ಶಕ ನೋಡಿದ್ದೀಯಾ ಎಂದು ಕೇಳಿದರೆ ಇನ್ನೊಬ್ಬಳು, "ನೋಡಿದೀನಿ ಸಾರ್, ಜೀವಶಾಸ್ತ್ರದ ಪುಸ್ತಕದಲ್ಲಿ," ಎಂದಳು. ಅದು ಅವಳ ಮೊಣಕೈ ಪಕ್ಕದಲ್ಲೇ, ಬಟ್ಟೆ ಹೊದ್ದು ಕೂತಿತ್ತು.

ಕೊನೆಯ ಪ್ರಶ್ನೆ ಎಲ್ಲರಿಗೂ ಒಂದೇ. "ಈ ಲ್ಯಾಬ್ ಒಳಗೆ ಯಾವಾಗ್ಲಾದ್ರೂ ಹೋಗಿದೀಯಾ?"

ಎಲ್ಲರ ಉತ್ತರವೂ ಒಂದೇ. ಇಲ್ಲ.

ಯಾರೂ ಬೇಗ ಮನೆಗೆ ಹೋಗಲಿಲ್ಲ. ಕೊನೆಯ ಹುಡುಗ ಹೊರಗೆ ಹೋದ ಮೇಲೆ ಕೆಂಪರಾಜ್ ಪೆನ್ನಿನ ಕ್ಯಾಪು ಹಾಕಿದರು. "ಮಾನಮ್ಮ, ಈ ಮಕ್ಕಳು ನಿಂಬೆಹಣ್ಣಿನ ಪಾನಕ ಮಾಡಿದ್ರೇ ಹೆಚ್ಚು. ಇದು ಇವರ ಕೆಲಸ ಅಲ್ಲ."

"ಪಾಪ, ಎಷ್ಟು ಆಸೆಯಿಂದ ಹೇಳೋಕೆ ನೋಡ್ತಿದ್ವು ಸಾರ್."

"ಮಾಡಿ ತೋರಿಸಿದೀನಿ ಅಂದ್ರಲ್ಲ ಮೇಷ್ಟ್ರು. ಯಾಕೆ ಸುಳ್ಳು ಹೇಳಿದ್ರು?"

ಕಪಾಟಿನ ಅಂಚಿನ ಗೆರೆ ಅವರಿಗೆ ಮತ್ತೆ ನೆನಪಾಯಿತು. ಮೇಷ್ಟ್ರು ಬಾಗಿಲಲ್ಲೇ ನಿಂತು, ಬೇಸಿನ್ನಿನ ಕಡೆ ಕಣ್ಣೂ ಹಾಯಿಸದೆ ಅದರಲ್ಲಿದ್ದುದನ್ನು ಹೇಳಿದ್ದೂ ನೆನಪಾಯಿತು. ಅವರನ್ನು ಕರೆತರಲು ಹೇಳಿ, ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿಕೊಂಡರು.

ಮಧ್ಯಾಹ್ನ 1.15ಕ್ಕೆ ಸಂಜೀವಪ್ಪ ಬಂದು ಎದುರು ಕುಳಿತರು. ಅದೇ ತಿಳಿ ನೀಲಿ ಶರಟು.

"ಹಂಸ ಹೇಗಿದಾಳೆ ಸಾರ್?" ಮೊದಲು ಕೇಳಿದ್ದು ಅದನ್ನೇ.

"ಪರವಾಗಿಲ್ಲ. ನಾಳೆ ಮನೆಗೆ ಕಳಿಸ್ತಾರೆ. ನಿನ್ನೆ ನೀವು ಹೇಳಿದ್ದನ್ನೆಲ್ಲ ಇದರಲ್ಲಿ ಬರೆದಿದೀವಿ. ಓದಿ ನೋಡಿ, ಸರಿ ಇದ್ರೆ ಸೈನ್ ಹಾಕಿ." ಕೆಂಪರಾಜ್ ಒಂದು ಹಾಳೆ ಕೊಟ್ಟರು.

ಸಂಜೀವಪ್ಪ ಹಾಳೆಯನ್ನು ಬೆಳಕಿಗೆ ಹಿಡಿದರು. ತಲೆ ನಿಧಾನವಾಗಿ ಎಡದಿಂದ ಬಲಕ್ಕೆ ಆಡಿತು. ಓದುವವರ ತಲೆ ಆಡುವಷ್ಟೇ ಹೊತ್ತು ಆಡಿತು.

"ಸರಿಯಾಗಿದೆ ಸಾರ್. ನಾನು ಹೇಳಿದ್ದೇ."

"ಎಲ್ಲಾ ಓದಿದ್ರಾ?"

"ಓದ್ದೆ."

"ದೀಪು ಬಗ್ಗೆ ಬರೆದಿರೋದೂ ಸರಿ ಇದೆಯಾ?"

"ಸರಿ ಇದೆ."

ಅವರು ಪೆನ್ನಿಗಾಗಿ ಕೈ ಚಾಚಿದಾಗ ಶರಟಿನ ತೋಳಿನ ಅಂಚು ಕೆಂಪರಾಜ್ ಕಣ್ಣ ಮುಂದೆ ಬಂತು. ಅಲ್ಲಿ ಸಾಸಿವೆಯಷ್ಟು ಸಣ್ಣ ತೂತುಗಳು, ಸುತ್ತ ಕಂದು ಕಲೆ. ನೋಡಬಲ್ಲವರು ಆ ಶರಟನ್ನು ಮತ್ತೆ ತೊಡುತ್ತಿರಲಿಲ್ಲ.

"ಮೇಷ್ಟ್ರೇ," ಕೆಂಪರಾಜ್ ದನಿ ತಗ್ಗಿಸಿದರು. "ನಿಮ್ಮ ಕೈಲಿರೋದು ನಿನ್ನೆಯ ಪ್ರಶ್ನೆಪತ್ರಿಕೆ."

ಹಾಳೆ ಮೇಜಿನ ಮೇಲೆ ಇಳಿಯಿತು. ಮಾನಮ್ಮ ಎದ್ದು ಬಾಗಿಲು ಮುಚ್ಚಿದರು.

"ಎಷ್ಟು ಕಾಣುತ್ತೆ?" ಕೆಂಪರಾಜ್ ಕೇಳಿದರು.

"ಬಿಸಿಲಲ್ಲಿ ಆಕಾರ ಕಾಣುತ್ತೆ. ಅಕ್ಷರ ಕಾಣಲ್ಲ. ನರ ಒಣಗಿದೆ, ಆಪರೇಷನ್ನೂ ಇಲ್ಲ ಅಂದ್ರು ಡಾಕ್ಟ್ರು."

"ಪಾಠ ಹೆಂಗೆ ಮಾಡ್ತಿದ್ರಿ?"

"ಬಾಯಲ್ಲಿತ್ತಲ್ಲ ಸಾರ್, ಇಷ್ಟು ವರ್ಷದ್ದು. ನೋಟ್ಸ್ ಹೇಳ್ತಿದ್ದೆ, ಬರ್ಕೋತಿದ್ರು. ಪೇಪರ್ ಒಬ್ಬರದ್ದು ಒಬ್ಬರಿಗೆ ಕೊಟ್ಟು ತಿದ್ದಿಸ್ತಿದ್ದೆ. ಲ್ಯಾಬಿಗೆ ಬೀಗ ಹಾಕಿಟ್ಟೆ. ಆಸಿಡ್ ಇರೋ ಕಡೆ ಕಾಣದೋನು ಮಕ್ಕಳನ್ನ ಹೆಂಗೆ ಕರ್ಕೊಂಡು ಹೋಗಲಿ?"

"ನಿನ್ನೆ ನೀವೊಬ್ರೇ ಹೋದ್ರಲ್ಲ."

"ಆ ಪೇಪರ್ ಬರೆದಿದ್ರೆ ಇವರಿಗೆ ಏನೂ ಬರಲ್ಲ ಅಂತ ಗೊತ್ತಾಗ್ತಿತ್ತು. ಯಾಕೆ ಅಂತ ಕೇಳೋರು ಬರ್ತಿದ್ರು, ಮೇಷ್ಟ್ರಿಗೆ ಕಣ್ಣು ಕಾಣಲ್ಲ ಅಂತ ನನ್ನ ಮಕ್ಕಳಿಗೂ ಗೊತ್ತಾಗ್ಬಿಡ್ತಿತ್ತು. ಸ್ವಲ್ಪ ವಾಸನೆ ಬಂದ್ರೆ ಮುಂದಕ್ಕೆ ಹಾಕ್ತಾರೆ, ಅಷ್ಟರಲ್ಲಿ ಮೇ ಬರುತ್ತೆ ಅನ್ಕೊಂಡೆ." ಅವರು ಅಂಗೈಗಳನ್ನು ಮೇಜಿನ ಮೇಲೆ ಹರಡಿದರು. "ಹನಿ ಹನಿ ಹಾಕ್ಬೇಕು ಅಂತಿದ್ದೆ. ಎಷ್ಟು ಬಿತ್ತು ಅಂತ ಕಾಣಲಿಲ್ಲ."

"ಹುಡುಗನ ಮೇಲೆ ಬಂತಲ್ಲ. ಸುಮ್ನಿದ್ರಿ."

"ಹೆದರಿಸಿ ಬಿಟ್ಬಿಡ್ತಾರೆ ಅನ್ಕೊಂಡೆ."

"ಟಿ.ಸಿ. ಕೊಡ್ತಿದ್ರು ಮೇಷ್ಟ್ರೇ," ಮಾನಮ್ಮ ಎಂದರು. "ಅವರಮ್ಮ ನಿನ್ನೆಯಿಂದ ಒಲೆ ಹಚ್ಚಿಲ್ಲ."

ಸಂಜೀವಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಮನೆಯಿಂದ ಬೇರೆ ಶರಟು ತರಿಸಿ, ತೂತು ಬಿದ್ದದ್ದನ್ನು ಮಹಜರ್ ಮಾಡಿ ವಶಪಡಿಸಿಕೊಂಡರು. 2.50ಕ್ಕೆ ದಸ್ತಗಿರಿ ದಾಖಲಾಯಿತು. ಟಿ.ಸಿ. ಮಾತು ಇನ್ನಿಲ್ಲ ಎಂದು ಯಮುನಾ ಮುನಿಲಕ್ಷ್ಮಮ್ಮನಿಗೆ ಹೇಳುವಾಗ ಅವರ ದನಿ ಸಣ್ಣಗಾಗಿತ್ತು.

ವಿಷಯ ತಿಳಿದು ಮಕ್ಕಳು ಮನೆಗೆ ಹೋಗದೆ ಜಗಲಿಯ ಉದ್ದಕ್ಕೂ ನಿಂತಿದ್ದರು. ಕೆಂಪರಾಜ್ ಮುಂದೆ, ಸಂಜೀವಪ್ಪ ಅವರ ಹಿಂದೆ. ಮೇಷ್ಟ್ರು ಯಾರ ಕೈಯನ್ನೂ ಹಿಡಿಯದೆ, ನೆಟ್ಟಗೆ, ಎಂದಿನಂತೆ ನಡೆಯುತ್ತಿದ್ದರು. ಜಗಲಿ ಮುಗಿಯುವಲ್ಲಿ ತಾಯಿಯ ಪಕ್ಕದಲ್ಲಿದ್ದ ದೀಪು ಮೆಲ್ಲಗೆ, ದಿನಾ ಹೇಳುವ ಮಾತಿನಂತೆ ಹೇಳಿದ.

"ಸಾರ್, ಮೆಟ್ಟಿಲು."

"ಎರಡಿದೆ ಸಾರ್," ಕಂಬದ ಹತ್ತಿರದಿಂದ ಎರಡು ಜಡೆಯ ಹುಡುಗಿ ಸೇರಿಸಿದಳು.

ಸಂಜೀವಪ್ಪ ನಿಂತುಬಿಟ್ಟರು. ಕೆಂಪರಾಜ್ ಅವಸರ ಮಾಡಲಿಲ್ಲ.

"ಯಾವಾಗಿಂದ ಗೊತ್ತು?" ಮೇಷ್ಟ್ರು ಕೇಳಿದರು.

"ಎಂಟನೇ ಕ್ಲಾಸಿಂದ ಸಾರ್," ದೀಪು ಹೇಳಿದ.

"ಎಲ್ಲರಿಗೂ?"

"ಎಲ್ರಿಗೂ. ಬೆಂಚು ಯಾರೂ ಸರಿಸ್ಬಾರದು ಅಂತ ನಾವೇ ಮಾತಾಡ್ಕೊಂಡಿದ್ವಿ."

"ಯಾರಿಗೂ ಯಾಕೋ ಹೇಳ್ಲಿಲ್ಲ?"

ದೀಪು ತಾಯಿಯ ಮುಖ ನೋಡಿದ. "ಬೇರೆ ಮೇಷ್ಟ್ರು ಬಂದ್ರೆ ಹೊಡೀತಾರೆ ಸಾರ್."

ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು.

"ನಿನ್ನೆ ಕಿಟಕಿ ಹತ್ರ ಹೋಗಿದ್ದು?" ಕೆಂಪರಾಜ್ ಕೇಳಿದರು.

"ಇವರು ಲ್ಯಾಬ್ ಒಳಗೆ ಹೋಗಿದ್ದು ನೋಡಿದ್ದೆ ಸಾರ್. ವಾಸನೆ ಬಂದಾಗ ಬಾಗ್ಲು ಸಿಗದೆ ಒಳಗೇ ಇದಾರೇನೋ ಅಂತ ಕಿಟಕಿ ತೆಗೆಯೋಕೆ ಹೋದೆ."

ಸಂಜೀವಪ್ಪ ಅವನಿದ್ದ ದಿಕ್ಕಿಗೆ ಕೈ ಚಾಚಿದರು. ಹುಡುಗ ಬಂದು ಆ ಕೈ ಹಿಡಿದು ಎರಡು ಮೆಟ್ಟಿಲು ಇಳಿಸಿ, ಜೀಪಿನ ತನಕ ನಡೆಸಿಕೊಂಡು ಹೋದ.

ಸಂಜೆ ಕೆಂಪರಾಜ್ ಕೇಸ್ ಡೈರಿ ಬರೆದರು. 'ಆರೋಪಿಗೆ ದೃಷ್ಟಿದೋಷವಿದ್ದು, ಅದು ತಿಳಿಯಬಾರದೆಂಬ ಉದ್ದೇಶದಿಂದ ಈ ಕೃತ್ಯ ಎಸಗಿರುತ್ತಾರೆ.'

ಟೀ ತಂದಿಟ್ಟ ಮಾನಮ್ಮ ಬಗ್ಗಿ ಓದಿದರು. "ಯಾರಿಗೆ ತಿಳೀಬಾರದು ಅಂತ ಬರೆದಿಲ್ವಲ್ಲ ಸಾರ್."

ಕೆಂಪರಾಜ್ ಬರೆದದ್ದನ್ನು ಮತ್ತೊಮ್ಮೆ ಓದಿದರು. ಆಮೇಲೆ 'ಅದು' ಎಂಬುದರ ಮುಂದೆ, ಸಾಲಿನ ಮೇಲೆ ಸಣ್ಣಕ್ಷರದಲ್ಲಿ ಸೇರಿಸಿದರು: 'ತನ್ನ ವಿದ್ಯಾರ್ಥಿಗಳಿಗೆ.'