ಎಲ್ಲರ ನಗು ನಿಂತ ಮೇಲೆ

ನಮ್ಮ ಮಗಳಿಗೆ ಜಪಾನಿನ ಆನಿಮೇಷನ್ ಸಿನಿಮಾ ಅಂದರೆ ಪ್ರಾಣ. ಅವಳು ಜ್ವರದಲ್ಲಿ ತೀರಿಕೊಂಡ ಮೇಲೆ ಅಂಥದ್ದೊಂದು ನಮ್ಮ ಊರಿನ ಟಾಕೀಸಿಗೆ ಬಂತು. "ಅವಳ ಬದಲಿಗೆ ನಾವಾದ್ರೂ ನೋಡ್ಕೊಂಡು ಬರೋಣ ಕಣೇ," ಎಂದು ನನ್ನ ಗಂಡ ಹಟ ಹಿಡಿದರು. ಮ್ಯಾಟಿನಿಗೆ ಹೋದೆವು. ನಡುವೆ ಒಂದು ಸೀಟು ಖಾಲಿ ಬಿಟ್ಟು ಕೂತೆವು.

ತೆರೆಯ ಮೇಲೆ ಮನೆಗಳು ಕಾಲು ಮಡಚಿಕೊಂಡು ಸಮುದ್ರದಲ್ಲಿ ಕೂರುತ್ತಿದ್ದವು, ಕೊಡೆಗಳು ಆಕಳಿಸುತ್ತಿದ್ದವು. "ತಲೆಬುಡ ಇಲ್ಲಪ್ಪಾ ಇದಕ್ಕೆ," ಎಂದು ಹಿಂದೆ ಯಾರೋ ಗೊಣಗಿದರು. ಆದರೂ ಜನ ಬಿದ್ದು ಬಿದ್ದು ನಗುತ್ತಿದ್ದರು. ಅವರ ನಗು ನಿಂತ ಮೇಲೆ, ಪ್ರತಿ ಸಲವೂ, ಖಾಲಿ ಸೀಟಿನಿಂದ ಒಂದು ಪುಟ್ಟ ನಗು ಬರುತ್ತಿತ್ತು. ಅದರ ಕೊನೆಗೊಂದು ಬಿಕ್ಕಳಿಕೆ. ನನ್ನ ಮಗಳು ನಗುತ್ತಿದ್ದದ್ದೇ ಹಾಗೆ. ಆ ಕಡೆಯ ನನ್ನ ಮೊಣಕೈ ಮರಗಟ್ಟುವಷ್ಟು ತಣ್ಣಗಾಯಿತು.

"ಕೇಳಿಸ್ತಾ ರೀ?" ಎಂದೆ. ಅವರು ಕಣ್ಣೊರೆಸಿಕೊಳ್ಳುತ್ತಾ ಹೂಂ ಎಂದರು. "ಬಾ ಪುಟ್ಟಿ, ಅಮ್ಮನ ಹತ್ರ ಬಾ," ಎಂದು ಸೀಟನ್ನೆಲ್ಲಾ ತಡಕಿದೆ. ಕೈಗೆ ಏನೂ ಸಿಗಲಿಲ್ಲ. ಆಮೇಲೆ ಜನ ನಕ್ಕರೂ ಆ ನಗು ಬರಲಿಲ್ಲ. ಸೀಟಿನ ಮೇಲೆ ತಲೆಯಿಟ್ಟು ಅಳುತ್ತಾ ಇದ್ದುಬಿಟ್ಟೆ.

ದೀಪ ಹತ್ತಿದಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು ತಿರುಗಿ, "ನಿಮ್ಮ ಮಗಳು ಎಷ್ಟು ಚೆನ್ನಾಗಿ ನಗ್ತಾಳಮ್ಮ!" ಎಂದರು.

ನಾನು ಅವರ ಕೈ ಹಿಡಿದುಕೊಂಡೆ. "ನೋಡಿದ್ರಾ? ಎಲ್ಲಿದಾಳೆ? ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಿ."

"ಆಗಲೇ ಹೊರಗೆ ಹೋದ್ಲಲ್ಲ, ಅಪ್ಪನ ಕೈ ಹಿಡ್ಕೊಂಡು."

ತಿರುಗಿ ನೋಡಿದೆ. ಗಂಡನ ಸೀಟಿನ ಕೆಳಗೆ ಅವರ ಚಪ್ಪಲಿ ಮಾತ್ರ ಇತ್ತು. ಬರಿಗಾಲಲ್ಲಿ ಹೋದವರು ಇವತ್ತಿನವರೆಗೂ ಮನೆಗೆ ಬಂದಿಲ್ಲ.