ಗೋಣಿ ಹೊದ್ದ ನಿಂಬೆಗಿಡ

ಗರಗಸ ಹಿಡ್ಕೊಂಡು ಬಂದು ಅರ್ಗೀರೋ ಪಕ್ಕದ ಮನೆ ಗೇಟನ್ನ ಒದ್ದಳು ನೋಡಿ, ಆ ಸದ್ದಿಗೆ ಅಥೆನ್ಸಿನ ಆಚೆ ತುದಿಯಲ್ಲಿ ಮಲಗಿದ್ದ ಬೆಕ್ಕುಗಳೂ ಎದ್ದು ಕೂತವು.

"ಸ್ತ್ರಾತೋಸ್! ಬಾರೋ ಆಚೆ, ಮನೆಹಾಳ!"

ಕೋಪ ಬರದೆ ಇನ್ನೇನು? ಅವಳಪ್ಪ ಥೋಮಾಸ್ ಗಾರೆ ಕೆಲಸದವನು. ಮಗಳು ಹುಟ್ಟಿದ ವರ್ಷವೇ ತಾರಸಿ ಮೇಲೆ ಕಬ್ಬಿಣದ ಕಂಬಿ ಎತ್ತರಕ್ಕೆ ಬಿಟ್ಟಿದ್ದ. ಗಂಡು ಗೊತ್ತಾದ ದಿನ ಅದರ ಮೇಲೆ ಅವಳಿಗೊಂದು ಮಹಡಿ ಏಳಬೇಕು. ಆ ಬೀದಿಯಲ್ಲಿ ಹೆಣ್ಣು ಹೆತ್ತವರ ಮನೆಯೆಲ್ಲ ಹಂಗೇ. ಬೇರೆಯವರ ಮಹಡಿಗಳಲ್ಲಿ ಮೊಮ್ಮಕ್ಕಳ ಚಡ್ಡಿ ಒಣಗ್ತಿದ್ವು. ಅರ್ಗೀರೋಗೆ ಇಪ್ಪತ್ತೊಂಬತ್ತು ತುಂಬ್ತು, ಅವಳ ಕಂಬಿಗೆ ತುಕ್ಕು ಹಿಡೀತು.

ಬಂದ ಗಂಡುಗಳು ಮೂರು. ಮೂರೂ ಚಪ್ಪಲಿ ಬಿಟ್ಟು ಓಡಿದ್ವು. ಯಾಕೆ ಅಂತ ಇವತ್ತು ಸಂತೆಯಲ್ಲಿ ಮೂರನೆಯವನು, ಆ ಔಷಧಿ ಅಂಗಡಿಯವನು, ಬಾಯಿಬಿಟ್ಟಿದ್ದ.

ಸ್ತ್ರಾತೋಸ್ ಕಾಫಿ ಲೋಟ ಹಿಡ್ಕೊಂಡು ನಿಧಾನಕ್ಕೆ ಬಂದ. ಒಂದು ಹುಬ್ಬು ಎತ್ತಿದ. ಆ ಹುಬ್ಬು ಕಂಡ್ರೆ ಅರ್ಗೀರೋಗೆ ಮೈಯೆಲ್ಲ ಉರೀತಿತ್ತು. ಎಲ್ಲೆಲ್ಲಿ ಉರೀತಿತ್ತು ಅಂತ ಕೇಳಬೇಡಿ.

"ನಂಗೆ ಜೈಲಲ್ಲಿರೋ ಮೂರು ಜನ ಅಣ್ಣಂದಿರಂತೆ?"

"ಇಬ್ಬರು ಅಂದಿದ್ದೆ. ಅವನೇ ಹೆದರಿ ಮೂರು ಮಾಡ್ಕೊಂಡಿದಾನೆ."

"ನಾನು ಒಬ್ಬಳೇ ಮಗಳು ಕಣೋ!"

"ನಂಗೊತ್ತು. ಅವನಿಗೆ ಗೊತ್ತಿರ್ಲಿಲ್ಲ."

"ಅವನಿಗಿಂತ ಮುಂಚೆ ಬಂದ ಬ್ಯಾಂಕಿನವನಿಗೆ ಏನಂದೆ?"

"ಬಾಣಲೆ ಎಸೀತಾಳೆ ಅಂದೆ. ಗಾಯಾನೂ ತೋರಿಸ್ದೆ." ಹಣೆ ಮುಟ್ಕೊಂಡ. "ಒಂಬತ್ತು ವರ್ಷದವಳಾಗಿದ್ದಾಗ ಎಸೆದಿದ್ದೆ. ಸುಳ್ಳಾ?"

"ಯಾಕೋ ನನ್ನ ಬಾಳು ಹಾಳು ಮಾಡ್ತೀಯ?"

"ನಿಮ್ಮ ಮಹಡಿ ಎದ್ರೆ ನಮ್ಮ ಅಂಗಳಕ್ಕೆ ಬಿಸಿಲಿಲ್ಲ. ನಮ್ಮಪ್ಪ ನೆಟ್ಟ ನಿಂಬೆಗಿಡ ಸಾಯುತ್ತೆ."

ಕಿಟಕಿಯಿಂದ ಅವನಮ್ಮ ಸ್ತಮಾತಾ ತಲೆ ಹಾಕಿದಳು. "ಇವರ ಅಜ್ಜನೂ ನಮ್ಮ ಬಿಸಿಲು ಕಂಡು ಹೊಟ್ಟೆ ಉರ್ಕೊಂಡೇ ಸತ್ತ!"

"ನಿಮ್ಮ ಬಾಯಿ ಇದೆಯಲ್ಲ ಸ್ತಮಾತಮ್ಮ, ಬೀದಿಗೆಲ್ಲ ಆ ಉರಿಯೇ ಸಾಕು!" ಅಂದವಳೇ ಅರ್ಗೀರೋ ಗಿಡದ ಕಡೆ ನುಗ್ಗಿದಳು. "ಇವತ್ತು ಇದನ್ನ ಬುಡಸಮೇತ ಕಡೀತೀನಿ!"

ಎರಡು ವರ್ಷದಿಂದ ಆ ಗಿಡಕ್ಕೆ ಗೋಣಿ ಸುತ್ತಿತ್ತು. ರೋಗ ಬಂದಿದೆ, ಗಾಳಿ ತಾಗಬಾರದು ಅಂತ ಸ್ತ್ರಾತೋಸ್ ಊರಿಗೆಲ್ಲ ಹೇಳಿದ್ದ.

"ಮುಟ್ಟಬೇಡ ಕಣೇ!" ಅವನ ಮುಖ ಸುಣ್ಣದ ಹಾಗೆ ಬೆಳ್ಳಗಾಯ್ತು.

ಅವಳು ಗೋಣಿ ಹರಿದೇಬಿಟ್ಟಳು. ಒಳಗೆ ಎಲೆಯಿಲ್ಲ, ಚಿಗುರಿಲ್ಲ. ಒಣಗಿದ ಕೋಲು.

"ಅಯ್ಯೋ ಪಾಪಿ! ನಾನು ದಿನಾ ಬೆಳಿಗ್ಗೆ ಎರಡು ಬಕೆಟ್ ನೀರು ಸುರೀತಿದ್ನಲ್ಲೋ!" ಅಂತ ಕಿಟಕಿ ಕಿರುಚ್ತು.

ಅರ್ಗೀರೋ ಗರಗಸ ಕೆಳಗಿಳಿಸಿದಳು. "ಯಾವಾಗ ಸತ್ತಿದ್ದು?"

"ಎರಡು ವರ್ಷದ ಹಿಂದೆ. ಆ ದೊಡ್ಡ ಹಿಮ ಬಿತ್ತಲ್ಲ, ಅವಾಗ."

"ಔಷಧಿಯವನು ಬಂದಿದ್ದು ಈ ಸಲದ ಈಸ್ಟರ್‌ಗೆ. ಯಾವ ಗಿಡಕ್ಕೋಸ್ಕರ ಓಡಿಸ್ದೆ?"

ಅವನು ಕಾಫಿ ಲೋಟದೊಳಗೆ ಬಾವಿ ಇಣುಕೋ ಹಾಗೆ ನೋಡ್ತಾ ನಿಂತ. ಕಿವಿ ಎರಡೂ ಟೊಮೇಟೊ.

"ಅವನು ಕುಳ್ಳ."

"ಸ್ತ್ರಾತೋಸ್."

"ನೀನು ಬೆಳಿಗ್ಗೆ ಬಟ್ಟೆ ಒಣಗಿಸೋಕೆ ತಾರಸಿಗೆ ಬರ್ತೀಯಲ್ಲ... ಅಲ್ಲಿ ಗೋಡೆ ಎದ್ರೆ ನೀನು ಕಾಣಲ್ಲ. ಗೋಡೆ ಹಿಂದೆ ಯಾವನದೋ ಅಂಗಿ ಹಿಂಡ್ತಿರ್ತೀಯ." ಕತ್ತೆತ್ತಿದ. ಆ ಹಾಳು ಹುಬ್ಬು ಈಗ ಎತ್ತಿರಲಿಲ್ಲ. "ಗಿಡ ಹೋದ್ರೆ ಹೋಗ್ಲಿ. ಅದೊಂದು ತಡಕೊಳ್ಳೋಕೆ ಆಗಲ್ಲ."

ಅರ್ಗೀರೋ ಎದೆ ಹಿಟ್ಟಿನ ಗಿರಣಿ ಹಾಗೆ ಬಡ್ಕೊಳ್ತು. ಬಾಯಿ ಮಾತ್ರ ಮೆತ್ತಗಾಗಲಿಲ್ಲ.

"ಇಷ್ಟು ವರ್ಷ ಬಾಯಿಗೇನು ಸಿಮೆಂಟ್ ಮೆತ್ಕೊಂಡಿದ್ಯಾ?"

"ನೀನು ಬಾಣಲೆ ಎಸೀತೀಯಲ್ಲ."

ಅವಳು ಗರಗಸ ಅವನ ಕೈಗೆ ತುರುಕಿದಳು. ಬೆರಳಿಗೆ ಬೆರಳು ತಾಗ್ತು, ಇಬ್ಬರೂ ಬೇಗ ಬಿಡಲಿಲ್ಲ.

"ಈ ಕೋಲು ಕಡಿದು ಹಾಕು. ಆಮೇಲೆ ಒಳ್ಳೇ ಶರ್ಟು ಹಾಕ್ಕೊಂಡು ನಮ್ಮಪ್ಪನ ಹತ್ರ ಬಾ. ಜೈಲಿಂದ ಅಣ್ಣಂದಿರನ್ನೂ ಕರೆಸಿರ್ತೀನಿ."

"ಮಹಡಿ ಎದ್ರೆ ನನ್ನ ಬಿಸಿಲಿನ ಗತಿ?" ಕಿಟಕಿ ಗುಡುಗ್ತು.

"ಮೇಲೆ ಹತ್ತಿ ಬನ್ನಿ ಸ್ತಮಾತಮ್ಮ. ಬಿಸಿಲೆಲ್ಲ ಅಲ್ಲೇ ಇರುತ್ತೆ."

ಕಿಟಕಿ ಧಡ್ ಅಂತ ಮುಚ್ಕೊಳ್ತು. ಗಾಜು ಒಡೀಲಿಲ್ಲ ಅನ್ನೋದೇ ಪುಣ್ಯ.

ಮತ್ತೆ ಒಂದು ಬೆರಳಷ್ಟು ತೆರ್ಕೊಳ್ತು.

"ಮೆಟ್ಟಿಲು ಎಷ್ಟೇ?"