ಎಡಗಡೆ ನಿಂತು ಹೇಳಿದ ಮಾತು

"ಸೌಂಡ್ ಜಾಸ್ತಿ ಮಾಡ್ರಿ! ದೆವ್ವ ಏನ್ ಮಾತಾಡ್ತೈತಿ, ಒಂದೂ ತಿಳಿವಲ್ದು!"

ಫಕೀರಮ್ಮ ಕೂಗಿದ ರಭಸಕ್ಕೆ ಮನೆ ತುಂಬ ಕೂತಿದ್ದ ಹೆಂಗಸರೆಲ್ಲ ಅವಳತ್ತ ತಿರುಗಿದರು. ಟಿ.ವಿ. ಪಕ್ಕ ನಿಂತಿದ್ದ ವಿಡಿಯೊ ಅಂಗಡಿಯ ತಿರುಪತಿಯೂ ತಿರುಗಿದ.

"ಇನ್ನೂ ಜಾಸ್ತಿ ಮಾಡಿದ್ರ ಬರೇ ಗೊರಗೊರ ಅಂತೈತ್ರಿ. ಕ್ಯಾಸೆಟ್ ಸವದೈತಿ" ಎಂದ ಸಂಕೋಚದಿಂದ.

"ನಮಗೆಲ್ಲ ಕೇಳಾಕತ್ತೈತಲ್ಲ!" ಎಂದಳು ಪಕ್ಕದ ಮನೆಯ ಬಾನುಬೀ.

ಫಕೀರಮ್ಮ ತಟಕ್ಕನೆ ತಲೆ ತಗ್ಗಿಸಿದಳು. 'ಅಯ್ಯೋ... ನಾನೇ ಬಾಯಿ ಬಿಟ್ಟೆನಲ್ಲ!'

ಅದು ೧೯೮೬ರ ಮಾತು. ಗಂಗಾವತಿಯಲ್ಲಿ ಅಕ್ಕನ ಮಗುವಿಗೆ ಹೆಸರಿಟ್ಟ ಮಧ್ಯಾಹ್ನ, ಬಂದ ನೆಂಟರಿಗೆಂದು ಅಪ್ಪ ವಿಸಿಆರ್ ತರಿಸಿದ್ದ. ಸತ್ತ ಮಾವ ದೆವ್ವವಾಗಿ ಬಂದು ಅಳಿಯನನ್ನು ಗೋಳು ಹೊಯ್ದುಕೊಳ್ಳುವ ನಗೆಯ ಸಿನಿಮಾ.

ಚಿಕ್ಕಂದಿನಲ್ಲಿ ಬಂದ ಜ್ವರ ಫಕೀರಮ್ಮನ ಎಡಗಿವಿಯನ್ನು ಪೂರಾ ಕಿತ್ತುಕೊಂಡಿತ್ತು. ಬಲಗಿವಿಯೂ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಿತ್ತು. ಎದುರಿನವರ ತುಟಿ ನೋಡಿಯೇ ಅರ್ಧ ಮಾತು ತಿಳಿದುಕೊಳ್ಳುತ್ತಿದ್ದಳು. ಇದು ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

"ಯಾರ ಮುಂದೂ ಹೇಳಬ್ಯಾಡವ್ವ... ಗೊತ್ತಾದ್ರ ನಿನ್ನ ಯಾರು ಮಾಡ್ಕೋತಾರ?" ಎಂದು ಅವ್ವ ಮಾರೆವ್ವ ಅಳುತ್ತಿದ್ದಳು.

ಅಷ್ಟರಲ್ಲಿ ಪರದೆಯ ಮೇಲೆ ಬಿಳಿ ಗೆರೆಗಳು ಸುರಿದು ದೆವ್ವದ ಮುಖವೇ ಅಳಿಸಿಹೋಯಿತು. ತಿರುಪತಿ ಏನೇನೋ ತಿರುವಿದ. ಸರಿಹೋಗಲಿಲ್ಲ. ದನಿ ಕೇಳದು, ತುಟಿಯೂ ಕಾಣದು... ಎಲ್ಲರೂ ನಕ್ಕಾಗ, ಒಂದು ಕ್ಷಣ ತಡವಾಗಿ ಅವಳೂ ನಕ್ಕಳು. ಕಣ್ಣುಗಳು ಮಾತ್ರ ತುಂಬಿಬಂದವು.

ಆ ಒದ್ದೆ ಕಣ್ಣುಗಳನ್ನು ತಿರುಪತಿ ನೋಡಿದ. 'ನನ್ನ ಹಾಳು ಕ್ಯಾಸೆಟ್ಟಿನಿಂದ ಹುಡುಗಿಯ ಖುಷಿ ಕೆಟ್ಟಿತಲ್ಲ' ಎಂದುಕೊಂಡ.

ಮುಂದಿನ ಭಾನುವಾರ ಬೆಳಿಗ್ಗೆ ರಿಕ್ಷಾದಲ್ಲಿ ಟಿ.ವಿ. ಇಟ್ಟುಕೊಂಡು ತಾನಾಗಿಯೇ ಬಂದ!

"ಹೊಸಪೇಟಿಯಿಂದ ಛಲೋ ಕಾಪಿ ತಂದೀನ್ರಿ. ಬಾಡಿಗಿ ಬ್ಯಾಡ. ನೀವು ನೋಡಿದ್ರ ಸಾಕು."

ಈ ಸಲ ದೆವ್ವದ ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು. ತುಟಿಗಳು ಸ್ಪಷ್ಟ. ಫಕೀರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಲ್ಲರೊಂದಿಗೆ ಅಲ್ಲ, ಎಲ್ಲರಿಗಿಂತ ಮೊದಲೇ!

ಆ ನಗು ನೋಡುತ್ತ ಅವಳ ಎಡಗಡೆ ಹಿಂದೆ ನಿಂತಿದ್ದ ತಿರುಪತಿಗೆ ಧೈರ್ಯ ಬಂತು. ಬಾಗಿ ಮೆಲ್ಲಗೆ ಕೇಳಿದ:

"ನಮ್ಮವ್ವನ್ನ ನಿಮ್ಮ ಮನಿಗೆ ಕಳಿಸ್ಲೇನ್ರಿ... ನಿಮ್ಮನ್ನ ಕೇಳಾಕ?"

ಫಕೀರಮ್ಮ ತಿರುಗಲಿಲ್ಲ. ದೆವ್ವದ ಚೇಷ್ಟೆಗೆ ತಲೆ ಅಲ್ಲಾಡಿಸಿ ಮತ್ತೆ ನಕ್ಕಳು.

ಅವನ ಮುಖ ಬಿಳಿಚಿತು. ಸಿನಿಮಾ ಮುಗಿದ ಮೇಲೆ ತಲೆ ಎತ್ತದೆ ವೈರು ಸುತ್ತಿಕೊಂಡು ಹೊರಟುಹೋದ.

ಮತ್ತೆ ಆ ಓಣಿಗೆ ಬರಲಿಲ್ಲ. ಸಂತೆಯಲ್ಲಿ ಎದುರಾದರೂ ಮುಖ ತಿರುಗಿಸಿದ. 'ನಾನೇನು ತಪ್ಪು ಮಾಡಿದೆ?' ಎಂದು ಫಕೀರಮ್ಮ ಕೊರಗಿದಳು. ಯಾರನ್ನು ಕೇಳುವುದು? ಏನೆಂದು ಕೇಳುವುದು?

ಅದರ ನಡುವೆ ಕುಷ್ಟಗಿಯಿಂದ ಗಂಡಿನವರು ಅವಳನ್ನು ನೋಡಲು ಬರುವ ದಿನ ನಿಗದಿಯಾಯಿತು.

"ಬಲಗಿವಿ ಅವರ ಕಡಿ ಮಾಡಿ ಕೂಡು. ತಿಳೀಲಿಲ್ಲಂದ್ರ ಸುಮ್ಮ ನಗು" ಎಂದಳು ಮಾರೆವ್ವ.

'ಬದುಕಿಡೀ ಸುಮ್ಮನೆ ನಗುತ್ತ ಕೂರುವುದೇ?' ಎಂದುಕೊಂಡಳು ಫಕೀರಮ್ಮ.

ಆ ಸಂಜೆ ಬಾನುಬೀ ಬಳಿ ಕೂತು ಅತ್ತಾಗ, ಅವಳು ಮುಖ ನೋಡಿ ಕೇಳಿದಳು: "ಈಗ ಯಾಕ ಅಳ್ತಿ? ಅವತ್ತು ನಾ ಪಕ್ಕದಾಗ ಕೂತಿದ್ದೆ, ತಿರುಪತಿ ಕೇಳಿದಾಗ ನೀನ ಒಲ್ಲೆ ಅಂತ ತಲಿ ಅಲ್ಲಾಡಿಸಿದೆಲ್ಲ!"

"ಏನ್ ಕೇಳಿದ್ರು?... ಯಾವಾಗ?"

ಎಲ್ಲವನ್ನೂ ಕೇಳಿದ ಫಕೀರಮ್ಮ ಹಣೆ ಚಚ್ಚಿಕೊಂಡಳು. ಜೀವನದಲ್ಲಿ ಒಮ್ಮೆ ಬರುವ ಮಾತು... ಅದೂ ಸತ್ತ ಕಿವಿಯ ಕಡೆಯೇ ಬರಬೇಕೇ!

ಮರುದಿನ ಬೆಳಿಗ್ಗೆ ಬಾನುಬೀಯನ್ನು ಕರೆದುಕೊಂಡು ವಿಡಿಯೊ ಅಂಗಡಿಗೆ ಹೋದಳು. ಒಳಗೆ ಯಾವುದೋ ಹಾಡು ಅಬ್ಬರಿಸುತ್ತಿತ್ತು.

"ಯಾವ ಕ್ಯಾಸೆಟ್ ಬೇಕ್ರಿ?" ಎಂದ ತಿರುಪತಿ, ನೆಲ ನೋಡುತ್ತ.

"ಮುಖ ಎತ್ತಿ ಮಾತಾಡ್ರಿ... ಇಲ್ಲಂದ್ರ ನನಗ ತಿಳಿಯಂಗಿಲ್ಲ." ಫಕೀರಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ನನಗ ಎಡಗಿವಿ ಕೇಳಂಗಿಲ್ರಿ. ನೀವು ಅವತ್ತು ಹೇಳಿದ್ದು ನಾ ಕೇಳೇ ಇಲ್ಲ. ದೆವ್ವಕ್ಕ ತಲಿ ಅಲ್ಲಾಡಿಸಿದ್ದು, ನಿಮಗಲ್ಲ!"

ತಿರುಪತಿ ಕೈ ಚಾಚಿ ಹಾಡು ನಿಲ್ಲಿಸಿದ.

"ಬಲಗಿವೀನೂ ಒಂದಿನ ಹೋಗತೈತಂತ ಡಾಕ್ಟರ್ ಹೇಳ್ಯಾರ. ಇದನ್ನೂ ಕೇಳಿ ಹೇಳ್ರಿ. ನಾಳಿ ಕುಷ್ಟಗಿಯವರು ಬರ್ತಾರ... ಅವರ ಮುಂದ ಮುಚ್ಚಿಟ್ಟು ಕೂಡಾಕ ನನ್ನ ಕೈಲಿ ಆಗಂಗಿಲ್ಲ."

ಅವನ ಕಣ್ಣಲ್ಲಿ ನೀರು ತುಂಬಿತು. "ಕೆಟ್ಟ ಸೌಂಡ್ ಹೆಂಗಾರ ರಿಪೇರಿ ಮಾಡ್ತೀನ್ರಿ. ಇದಕ್ಕ... ನನ್ನ ಕೈಯಾಗ ಏನೂ ಇಲ್ಲ."

"ಗೊತ್ತೈತ್ರಿ."

ತಿರುಪತಿ ಗಲ್ಲಾದ ಮೇಜು ದಾಟಿ ಈಚೆ ಬಂದ. ಬಾಗಿಲ ಬೆಳಕು ತನ್ನ ಮುಖಕ್ಕೆ ಬೀಳುವಂತೆ ಅವಳೆದುರು ನಿಂತು, ಒಂದೊಂದೇ ಮಾತು ಬಿಡಿಸಿ ಹೇಳಿದ:

"ನಮ್ಮವ್ವನ್ನ... ಇವತ್ತೇ... ಕರಕೊಂಡು ಬರ್ತೀನಿ. ನೀ ಹೂಂ ಅಂದ್ರ."

ಫಕೀರಮ್ಮ ಅಳುತ್ತಲೇ ತಲೆಯಾಡಿಸಿದಳು.

"ತಲಿ ಆಡಸಬ್ಯಾಡ! ಬಾಯಿ ಬಿಟ್ಟು ಹೇಳು."

"ಹೂಂ ರೀ..."

ಅವಳು ಕಣ್ಣೊರೆಸಿಕೊಂಡಳು.

"ಪೂರಾ ಕೇಳದಂಗಾದ ಮ್ಯಾಲೆ?" ಎಂದಳು.

"ಹಿಂಗ ಎದುರಿಗೆ ನಿಂತು ಮಾತಾಡ್ತೀನಿ."

"ಕತ್ತಲ್ಯಾಗ?"

ತಿರುಪತಿ ಮೆಲ್ಲಗೆ ಅವಳ ಕೈ ಹಿಡಿದುಕೊಂಡ.

"ಹಿಂಗ... ಸಾಕೇನು?"

"ಸಾಕ್ರಿ."